ಆನ್‌ಲೈನ್ ಅಂಗಡಿಯನ್ನು ತೆರೆಯುವುದಕ್ಕೆ ಮೊದಲು

ಶಿವಮೊಗ್ಗೆ ಮತ್ತು ಭದ್ರಾವತಿ ತಾಲ್ಲೂಕುಗಳ ಗ್ರಾಮಗಳಲ್ಲಿ ನಾನು ಸಂಚಾರ ಮಾಡುತ್ತಿರುವಾಗ, ಗ್ರಾಮದ ಮುಖಂಡರೂ ಜಮೀನುದಾರರೂ ಈಚೆಗೆ ಕೇಳುವ ಮೊದಲನೆಯ ಪ್ರಶ್ನೆಯು ಗೊಬ್ಬರದ ವಿಷಯವೂ ಅಲ್ಲ, ಅಡಿಕೆಯ ಕೊಳೆರೋಗದ ವಿಷಯವೂ ಅಲ್ಲ. “ಹುಡುಗ ಮೊಬೈಲಿನಲ್ಲೇ ಅಂಗಡಿ ತೆರೆಯುತ್ತೇನೆ ಅನ್ನುತ್ತಾನೆ, ಸ್ವಾಮಿ. ದುಡ್ಡು ಕೊಡಬಹುದೋ, ಬಾರದೋ?” ಎಂಬುದೇ ಆ ಪ್ರಶ್ನೆ. ಕೆಲವು ಮನೆಗಳಲ್ಲಿ ಈ ಮಾತು ತಂದೆಮಕ್ಕಳ ಮನಸ್ತಾಪಕ್ಕೂ ಕಾರಣವಾಗಿದೆ. ಪಟ್ಟಣದ ನೌಕರಿಯನ್ನು ಬಿಟ್ಟು ಬಂದ ಮಗನು ಆನ್‌ಲೈನ್ ಅಂಗಡಿಯ ಮಾತನ್ನೆತ್ತಿದರೆ, ಅದು ಸೋಮಾರಿತನಕ್ಕೆ ಇಟ್ಟ ಹೊಸ ಹೆಸರೆಂದು ಹಿರಿಯರು ತಿಳಿಯುವರು. ಹಿರಿಯರಿಗೆ ಕಾಲಸ್ಥಿತಿ ತಿಳಿಯದೆಂದು ಮಗನು ತಿಳಿಯುವನು. ನನ್ನ ಅಭಿಪ್ರಾಯದಲ್ಲಿ ಹಣವನ್ನು ಕೊಡಬಹುದು. ಆದರೆ ಆ ಹಣವು ಅಂಗಡಿಗೆ ಹೋಗುವುದಕ್ಕೆ ಮುಂಚೆ ತಕ್ಕಡಿಗೂ, ಪೊಟ್ಟಣಕ್ಕೂ, ಲೆಕ್ಕದ ಪುಸ್ತಕಕ್ಕೂ ಹೋಗಬೇಕು. ಅಂಗಡಿಯ ಬಾಗಿಲನ್ನು ಕಟ್ಟಕಡೆಗೆ ತೆರೆಯತಕ್ಕದ್ದು.

ದೂರದ ಗಿರಾಕಿಗೆ ಸರಕನ್ನು ಕಳುಹಿಸುವ ವ್ಯಾಪಾರವು ನಮಗೆ ತೀರ ಹೊಸದೆಂದು ಭಾವಿಸಬೇಕಾಗಿಲ್ಲ. ಪುಸ್ತಕ, ಬೀಜ, ಔಷಧ ಮುಂತಾದುವು ವಿ. ಪಿ. ಅಂಚೆಯ ಮೂಲಕ ಹಳ್ಳಿಗಳಿಗೆ ಬರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅಡಿಕೆಯನ್ನು ಒಟ್ಟಾಗಿ ಮಾರುವುದಕ್ಕೆಂದು ಬೆಳೆಗಾರರು 1939ರಲ್ಲಿಯೇ ಶಿವಮೊಗ್ಗೆಯಲ್ಲಿ ಸಹಕಾರ ಸಂಘವನ್ನು, ಅಂದರೆ ನಾವೀಗ ಮ್ಯಾಮ್ಕೋಸ್ ಎಂದು ಕರೆಯುವ ಸಂಸ್ಥೆಯನ್ನು, ಕಟ್ಟಿದರು. ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರದಿಂದ ಒಂದುಗೂಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಇ-ನಾಮ್ ಅದಾದ ಮೇಲೆ 2016ರಲ್ಲಿ ಬಂದಿತು. ಹೀಗೆ, ತಂತಿಯ ಮೇಲೆ ಬೆಲೆ ಬರುವುದನ್ನು ನಮ್ಮ ರೈತರು ನೋಡಿಯೇ ಇದ್ದಾರೆ. ಆದರೂ ಒಂದು ಭೇದವುಂಟು. ಮಾರುಕಟ್ಟೆಯಲ್ಲಿ ಕೊಳ್ಳುವವನು ಚೀಲದಿಂದ ಒಂದು ಹಿಡಿ ಅಡಿಕೆಯನ್ನು ತೆಗೆದು, ಒಡೆದು ನೋಡಿ, ಆಮೇಲೆ ಬೆಲೆಯನ್ನು ಬರೆಯುತ್ತಾನೆ. ಆನ್‌ಲೈನ್ ಅಂಗಡಿಯ ಗಿರಾಕಿಗೆ ಕಾಣುವುದು ಚಿತ್ರ ಮಾತ್ರ. ಅವನು ಸರಕು ಕೈಸೇರುವುದಕ್ಕೆ ಮೊದಲೇ ಹಣವನ್ನು ಕಳುಹಿಸುತ್ತಾನೆ. ಮೋಸ ಹೋದೆನೆಂದು ಅವನಿಗೆ ತೋರಿದರೆ ಎರಡನೆಯ ಸಲ ಬರುವುದಿಲ್ಲ. ಬಾರದಿರುವುದು ಮಾತ್ರವಲ್ಲದೆ, ಸಾವಿರ ಜನರು ಓದುವಂತೆ ಆ ಮಾತನ್ನು ಅಂಗಡಿಯ ಪುಟದಲ್ಲಿಯೇ ಬರೆದು ಹೋಗುತ್ತಾನೆ.

ಈ ವಿಷಯದಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಭದ್ರಾ ನಾಲೆಯ ಕೆಳಗಿನ ಒಂದು ಹಳ್ಳಿಯಲ್ಲಿ, ಸ್ವಂತ ಆಲೆಮನೆಯುಳ್ಳ ಒಂದು ಕುಟುಂಬದವರಿಗೆ, ಹೈಡ್ರೋಸ್ ಹಾಕದೆ, ಸುಣ್ಣದ ತಿಳಿಯಿಂದಲೂ ಬೆಂಡೆಯ ಲೋಳೆಯಿಂದಲೂ ಕಬ್ಬಿನ ಹಾಲಿನ ಮಡ್ಡಿಯನ್ನು ತೆಗೆದು ಬೆಲ್ಲ ಮಾಡುವಂತೆ ಸಲಹೆ ಕೊಟ್ಟೆನು. ಬೆಲ್ಲವು ರುಚಿಯಾಗಿಯೇ ಆಯಿತು. ಬಣ್ಣ ಮಾತ್ರ ಕಂದು. ಹಳದಿ ಬೆಲ್ಲಕ್ಕೆ ಮಂಡಿಯಲ್ಲಿ ಸಿಕ್ಕುವ ಬೆಲೆ ಅದಕ್ಕೆ ಸಿಕ್ಕಲಿಲ್ಲ. ಆಗ ನಾನೇ ಮುಂದೆ ನಿಂತು, ಪಟ್ಟಣದ ಗಿರಾಕಿಗಳಿಗೆ ನೇರವಾಗಿ ಮಾರಿರೆಂದು ಹೇಳಿ, ಒಂದು ದೊಡ್ಡ ಆನ್‌ಲೈನ್ ಮಾರಾಟದ ತಾಣದಲ್ಲಿ ಅವರ ಹೆಸರನ್ನು ಬರೆಸಿದೆನು. ಸಂಕ್ರಾಂತಿಯ ಹೊತ್ತಿಗೆ ಬೇಡಿಕೆಗಳು ಬಂದವು. ಮನೆಯವರಿಗೆಲ್ಲ ಹಿಗ್ಗು, ನನಗೂ ಹಿಗ್ಗು. ಆ ಹಿಗ್ಗಿನಲ್ಲಿ ಅದೇ ತೆಳ್ಳನೆಯ ಚೀಲದಲ್ಲಿ, ಅದೇ ರಟ್ಟಿನ ಪೆಟ್ಟಿಗೆಯಲ್ಲಿ ಆಷಾಢದ ಮಳೆಯಲ್ಲಿಯೂ ಕಳುಹಿಸುತ್ತ ಹೋದರು. ಬೆಲ್ಲವು ಗಾಳಿಯ ತೇವವನ್ನು ಹೀರಿ ಬೆವರುವ ಪದಾರ್ಥವೆಂಬುದು ಆಲೆಮನೆಯಲ್ಲಿ ಬೆಳೆದ ಮಕ್ಕಳಿಗೂ ಗೊತ್ತು. ಆದರೆ ಬೇಡಿಕೆಯ ಸಂಭ್ರಮದಲ್ಲಿ ಅದನ್ನು ನಾವೆಲ್ಲರೂ ಮರೆತೆವು. ಪೆಟ್ಟಿಗೆಗಳು ತಳ ಒದ್ದೆಯಾಗಿ, ಇರುವೆ ಮುತ್ತಿ ಗಿರಾಕಿಗಳ ಮನೆಯನ್ನು ಸೇರಿದವು. ಇದು ಸಾಲದೆಂಬಂತೆ, ಮನೆಯ ಹುಡುಗನು ಮೊಬೈಲಿನಲ್ಲಿ ಚಿತ್ರವನ್ನು ಬೆಳಗಿಸಿ ಹಾಕಿದ್ದರಿಂದ ಕಂದು ಬೆಲ್ಲವು ಹೊಂಬಣ್ಣವಾಗಿ ಕಂಡಿತ್ತು. ಚಿತ್ರದ ಬೆಲ್ಲ ಬೇರೆ, ಬಂದ ಬೆಲ್ಲ ಬೇರೆ ಎಂದು ಅನೇಕರು ಪಾರ್ಸಲನ್ನು ಹಿಂದಕ್ಕೆ ಕಳುಹಿಸಿದರು. ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ಇವರ ಮೇಲೆಯೇ ಬಿದ್ದಿತು.

ಗೌರಿ ಹಬ್ಬದ ಸಮಯದಲ್ಲಿ ನಾನು ಅವರಲ್ಲಿಗೆ ಹೋದಾಗ ಮನೆಯ ಯಜಮಾನಿಯವರು ಮಜ್ಜಿಗೆಯನ್ನು ಕೊಟ್ಟು, ಸ್ವಲ್ಪವೂ ಕೋಪಿಸಿಕೊಳ್ಳದೆ, “ಕೇಜಿಗೆ ಎಷ್ಟು ಉಳೀತು ಅಂತ ನೀವೇ ಹೇಳಿ, ಸಾಹೇಬ್ರೆ” ಎಂದರು. ನನ್ನಿಂದ ಹೇಳಲಾಗಲಿಲ್ಲ. ಅವರಿಂದಲೂ ಆಗಲಿಲ್ಲ. ಯಾರೂ ಬರೆದಿಟ್ಟಿರಲಿಲ್ಲ.

ಶಿವಮೊಗ್ಗೆಯ ಕೋಟೆಯ ಬೀದಿಯಲ್ಲಿ ಹೋಗುವಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ಅಲ್ಲಿ ತುಂಗೆಯ ದಡದ ಅರಮನೆಯು ಯಾರ ಹೆಸರಿನಿಂದ ಪ್ರಸಿದ್ಧವಾಗಿದೆಯೋ ಆ ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಕಂದಾಯವನ್ನು ಗೊತ್ತುಮಾಡಿದ ಬಗೆಯನ್ನು ‘ಶಿಸ್ತು’ ಎಂದು ನಮ್ಮ ಜನರು ಈಗಲೂ ಹೇಳುವರು. ಪ್ರತಿಯೊಂದು ತರದ ಭೂಮಿಯಲ್ಲಿಯೂ ಒಂದೊಂದು ಹೊಲವನ್ನು ಹನ್ನೆರಡು ವರ್ಷ ಸರ್ಕಾರದ ಲೆಕ್ಕದಲ್ಲಿಯೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಇವನ್ನೆಲ್ಲ ಬರೆಯಿಸಿ, ಆ ಮೇಲೆ ದರವನ್ನು ನಿಶ್ಚಯಿಸಿದನೆಂದು ಪ್ರಸಿದ್ಧಿ. ನಾವು ಹನ್ನೆರಡು ವರ್ಷ ಕಾಯಬೇಕಾಗಿಲ್ಲ. ಒಂದು ಗಾಣದ ಕಾಲ, ಇಲ್ಲವೆ ಒಂದು ಉಪ್ಪಿನಕಾಯಿಯ ಕಾಲ ಬರೆದಿಟ್ಟರೆ ಸಾಕು.

ಲೆಕ್ಕದ ಮಾದರಿಯನ್ನು ತೋರಿಸುವುದಕ್ಕಾಗಿ ಮಾತ್ರ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ತಮ್ಮ ತಮ್ಮ ಊರಿನ ಬೆಲೆಯನ್ನು ಅವುಗಳ ಸ್ಥಾನದಲ್ಲಿ ಹಾಕಿಕೊಳ್ಳಬಹುದು. ಒಂದು ಕೇಜಿ ಬೆಲ್ಲವನ್ನು 120 ರೂಪಾಯಿಗೆ ಮಾರುತ್ತೇವೆ. ಬೆಲ್ಲದ ಅಸಲು 55, ಪೆಟ್ಟಿಗೆ ಮತ್ತು ಚೀಟಿಗೆ 14, ಸಾಗಣೆಗೆ 45, ತಾಣದ ಕಮಿಷನ್ನು 12. ಕೂಡಿದರೆ 126 ಆಗುತ್ತದೆ. ಮಾರಿದಷ್ಟೂ ಕೇಜಿಗೆ 6 ರೂಪಾಯಿ ನಷ್ಟ. ಪೊಟ್ಟಣ ಕಟ್ಟಿದವರ ಕೂಲಿ ಇದರಲ್ಲಿ ಸೇರಿಲ್ಲ. ಅದೇ ಬೆಲ್ಲವನ್ನು ಮೂರು ಕೇಜಿಯ ಒಂದೇ ಪಾರ್ಸಲಾಗಿ 360 ರೂಪಾಯಿಗೆ ಮಾರಿದರೆ, ಅಸಲು 165, ಪೆಟ್ಟಿಗೆ 24, ಸಾಗಣೆ 75, ಕಮಿಷನ್ನು 36, ಒಟ್ಟು 300. ಈಗ 60 ರೂಪಾಯಿ ಉಳಿಯಿತು. ಬೆಲ್ಲವೂ ಅದೇ, ಕೇಜಿಯ ಬೆಲೆಯೂ ಅದೇ. ಆದರೆ ಅಂಥ ಒಂದು ಪಾರ್ಸಲು ಹಿಂದಕ್ಕೆ ಬಂದರೆ ಎರಡು ಬಾಡಿಗೆಯೂ ಪೆಟ್ಟಿಗೆಯೂ ಸೇರಿ 174 ರೂಪಾಯಿ ಹೋಯಿತು, ಎಂದರೆ ಬೇರೆ ಮೂರು ಪಾರ್ಸಲುಗಳ ಉಳಿತಾಯವೆಲ್ಲ ಸುಮಾರಾಗಿ ಮುಗಿಯಿತು. ಸರಕು ತಲಪಿದ ಮೇಲೆ ಹಣ ಕೊಡುವ ಏರ್ಪಾಟಿನಲ್ಲಿ, ಬಾಗಿಲಿಗೆ ಬಂದದ್ದನ್ನು ಬೇಡವೆಂದು ಹೇಳುವವರು ಉಂಟು. ಆದಕಾರಣ ಹೊಸಬರು ಮೊದಲ ವರ್ಷ ಹಣವನ್ನು ಮುಂಗಡವಾಗಿಯೇ ಪಡೆಯುವುದು ಮೇಲೆಂದು ನನ್ನ ಮತ. ಬೇಡಿಕೆ ಕಡಮೆಯಾದರೂ ಚಿಂತೆಯಿಲ್ಲ.

ಎಲ್ಲ ಸರಕೂ ಈ ವ್ಯಾಪಾರಕ್ಕೆ ಒಗ್ಗುವುದಿಲ್ಲ. ಅಡಿಕೆಯನ್ನು ಇದಕ್ಕೆ ತರಬೇಕಾದುದಿಲ್ಲ. ಮೂಟೆಯ ಸರಕಿಗೆ ಮಾರುಕಟ್ಟೆಯೂ ಸಹಕಾರ ಸಂಘವೂ ಇವೆ. ತೂಕ ಕಡಮೆ, ಬೆಲೆ ಹೆಚ್ಚು, ಬೇಗ ಕೆಡದು ಎಂಬ ಮೂರು ಗುಣಗಳು ಸೇರಿದ ಪದಾರ್ಥವೇ ಉತ್ತಮ: ಚೆನ್ನಾಗಿ ಒಣಗಿಸಿದ ಕಾಳುಮೆಣಸು, ಮುರುಗಲು ಸಿಪ್ಪೆ, ಹಪ್ಪಳ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಹೊರ ಊರುಗಳಲ್ಲಿ ನೆಲಸಿದ ನಮ್ಮವರಿಂದ ಬೇಡಿಕೆಯು ಸದಾ ಉಂಟು. ಆದರೆ ಗಾಜಿನ ಸೀಸೆಯು ಒಡೆಯುತ್ತದೆ, ಸಡಿಲವಾದ ಮುಚ್ಚಳದಿಂದ ರಸವು ಸೋರುತ್ತದೆ. ಕಳುಹಿಸುವುದಕ್ಕೆ ಮೊದಲು ಸೀಸೆಯನ್ನು ಒಂದು ರಾತ್ರಿ ತಲೆಕೆಳಗಾಗಿ ಇಟ್ಟು, ಒಂದು ಪೆಟ್ಟಿಗೆಯನ್ನು ಎದೆಯೆತ್ತರದಿಂದ ನೆಲಕ್ಕೆ ಹಾಕಿ ನೋಡತಕ್ಕದ್ದು. ಒಡೆಯುವುದಾದರೆ ನಮ್ಮ ಜಗಲಿಯಲ್ಲಿಯೇ ಒಡೆಯಲಿ.

ಅಡಿಕೆಯ ಹಾಳೆಯ ತಟ್ಟೆಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ತೋಟದಲ್ಲಿ ಬಿದ್ದು ಹೋಗುವ ಹಾಳೆಯಿಂದ ಹಣ ಬರುವುದೆಂದು ಯಂತ್ರವನ್ನು ಕೊಂಡವರು ಬಹಳ ಮಂದಿ. ತಟ್ಟೆಯು ಹಗುರ, ನಿಜ; ಆದರೆ ಸಾಗಣೆಯವರು ತೂಕವನ್ನು ಮಾತ್ರವೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದುದನ್ನು ಕೇಜಿಯೆಂದು ಎಣಿಸುವುದು ಅನೇಕ ಕೊರಿಯರ್ ಸಂಸ್ಥೆಗಳ ಪದ್ಧತಿ. ಎಲ್ಲ ಕಡೆಯೂ 30 ಸೆಂಟಿಮೀಟರಿನ ಪೆಟ್ಟಿಗೆಯು, ಒಳಗೆ ಎರಡೇ ಕೇಜಿ ಇದ್ದರೂ, ಬಾಡಿಗೆಯ ಲೆಕ್ಕಕ್ಕೆ 5.4 ಕೇಜಿಯಾಗುತ್ತದೆ. ಇದಲ್ಲದೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯ ಹಾಳೆಯ ತಟ್ಟೆಗಳಿಂದ ಅದರ ಕ್ಷಾರಸತ್ವಗಳು ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ, ಅವನ್ನು ಆಹಾರಕ್ಕೆ ಬಳಸಬಾರದೆಂದು ತಿಳಿಸಿತು. ಈ ನಿರ್ಣಯವನ್ನು ಕುರಿತು ನಮ್ಮ ಬೆಳೆಗಾರರಿಗೆ ಅಸಮಾಧಾನವಿರಬಹುದು. ಆದರೆ ವಿದೇಶದ ಬೇಡಿಕೆಯನ್ನೇ ನಂಬಿ ಸಾಲ ಮಾಡುವವರು ಇದನ್ನು ತಿಳಿಯದೆ ಇರಕೂಡದು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ತಿನ್ನುವ ಪದಾರ್ಥವನ್ನು ಮಾರುವವರು, ಮನೆಯಲ್ಲಿಯೇ ಮಾಡಿದರೂ ಸರಿ, 2006ರ ಆಹಾರ ಸುರಕ್ಷತೆಯ ಅಧಿನಿಯಮದಂತೆ ನೋಂದಣಿಯನ್ನಾಗಲಿ ಪರವಾನಗಿಯನ್ನಾಗಲಿ ಪಡೆಯಬೇಕು. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ಸಂಖ್ಯೆ ಇರಬೇಕೆಂದು 2011ರ ತೂಕ ಅಳತೆಯ ನಿಯಮಗಳು ವಿಧಿಸುತ್ತವೆ. ಹೊಲದಲ್ಲಿ ಬೆಳೆದ ಫಸಲನ್ನು ಮಾರುವ ರೈತನಿಗೆ ಅದರ ಮಟ್ಟಿಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲವಾದರೂ, ಉಪ್ಪಿನಕಾಯಿಯಾಗಲಿ ಹಪ್ಪಳವಾಗಲಿ ಹೊಲದ ಫಸಲಲ್ಲ. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ಸಣ್ಣ ವ್ಯಾಪಾರಿಯು ರಾಜ್ಯದೊಳಗೆ ಮಾತ್ರ ತಾಣಗಳ ಮೂಲಕ ಮಾರುವುದಾದರೆ ಆ ನೋಂದಣಿಯಿಂದ ವಿನಾಯಿತಿ ಉಂಟು. ಮುಂಬಯಿಗೋ ಚೆನ್ನೈಗೋ ಕಳುಹಿಸುವ ಯೋಚನೆಯಿದ್ದರೆ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳತಕ್ಕದ್ದು. 2025ರ ಜುಲೈನಲ್ಲಿ ಯು.ಪಿ.ಐ. ಮೂಲಕ ಬಂದ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆಯ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಎಷ್ಟೋ ಮಂದಿ ಗಾಬರಿಯಾದರು. ಮನೆಯ ಹಣ, ಕೈಸಾಲದ ಹಣ, ಅಂಗಡಿಯ ಹಣ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಯಾವುದು ಯಾವುದೆಂದು ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆಯನ್ನು ತೆರೆಯುವುದಕ್ಕೆ ಒಂದು ಬೆಳಗಿನ ಕೆಲಸ ಸಾಕು.

ಇನ್ನು, ಅಂಗಡಿ ಎಲ್ಲಿ? ದೊಡ್ಡ ತಾಣಗಳಲ್ಲಿ ಜನಸಂದಣಿ ಹೆಚ್ಚು. ಆದರೆ ಅಲ್ಲಿ ಗಿರಾಕಿಯು ತಾಣದವನು, ನಮ್ಮವನಲ್ಲ. ಅವನ ಪರಿಚಯ ನಮ್ಮಲ್ಲಿ ಉಳಿಯುವುದಿಲ್ಲ. ಪಕ್ಕದಲ್ಲಿಯೇ ಎರಡು ರೂಪಾಯಿ ಕಡಮೆಯ ಬೆಲ್ಲ ಕಂಡರೆ ಹೊರಟುಹೋಗುತ್ತಾನೆ. ನನಗೆ ಕಂಡಮಟ್ಟಿಗೆ, ಮೊದಲು ವಾಟ್ಸಾಪಿನಲ್ಲಿ ಸರಕಿನ ಪಟ್ಟಿಯನ್ನು ಇಟ್ಟು, ಬಂಧುಗಳು, ಊರು ಬಿಟ್ಟು ಹೋದವರು, ಅವರ ನೆರೆಯವರು ಹೀಗೆ ಐವತ್ತು ಮನೆಗಳಿಗೆ ಒಂದು ವರ್ಷ ಕಳುಹಿಸಿ ಪಳಗುವುದು ಮೇಲು. ಆಮೇಲೆ ಸ್ವಂತ ಹೆಸರಿನ ಪುಟವನ್ನು ಮಾಡಿಸಿಕೊಳ್ಳಲಿ. 2021ರ ಕೊನೆಯಲ್ಲಿ ಸ್ಥಾಪಿತವಾದ ಓ.ಎನ್.ಡಿ.ಸಿ. ಎಂಬ ಜಾಲವೂ ಸಣ್ಣ ವ್ಯಾಪಾರಿಗಳು ಒಂದೇ ತಾಣಕ್ಕೆ ಕಟ್ಟುಬೀಳಬಾರದೆಂಬ ಉದ್ದೇಶದಿಂದಲೇ ಹುಟ್ಟಿದ್ದು. ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು, ಬಣ್ಣವನ್ನು ತಿದ್ದದೆ ಹಾಕತಕ್ಕದ್ದು. ಬೆಲ್ಲವು ಕಂದಾಗಿದ್ದರೆ ಏಕೆ ಕಂದೆಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಓದಿ ಕೊಂಡವರು ಹಿಂದಕ್ಕೆ ಕಳುಹಿಸುವುದಿಲ್ಲ.

ಗ್ರಾಮದ ಮುಖಂಡರಲ್ಲಿ ನನ್ನ ವಿಶೇಷವಾದ ಅರಿಕೆಯೊಂದಿದೆ. ಒಂದೇ ಊರಿನಲ್ಲಿ ಏಳು ಮನೆಯವರು ಏಳು ಅಂಗಡಿಗಳನ್ನು ತೆರೆದು, ಒಬ್ಬರ ಬೆಲೆಯನ್ನು ಒಬ್ಬರು ಇಳಿಸುವುದನ್ನು ನಾನು ನೋಡಿದ್ದೇನೆ. ಒಂದು ತಕ್ಕಡಿ, ಒಂದು ಒಣಗಿದ ಕೋಣೆ, ಒಂದು ಪರವಾನಗಿ, ಒಬ್ಬ ಬರೆಯುವ ಹುಡುಗ ಅಥವಾ ಹುಡುಗಿ, ಇಷ್ಟನ್ನು ಏಳು ಮನೆಯವರೂ ಕೂಡಿ ಮಾಡಿಕೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ. ಸಾಗಣೆಯವನೂ ದಿನವೂ ಊರಿಗೆ ಬರುತ್ತಾನೆ. ಆದರೆ ಸರಕಿನ ಗುಣವನ್ನು ನೋಡಿ ‘ಇದು ಬೇಡ’ ಎನ್ನುವ ಅಧಿಕಾರವು ಯಾರಾದರೂ ಒಬ್ಬರಿಗಿರಬೇಕು, ಆ ಮಾತಿಗೆ ಊರಿನಲ್ಲಿ ಬೆಲೆಯೂ ಇರಬೇಕು. ಅದನ್ನು ಹಿರಿಯರು ಮಾತ್ರವೇ ಮಾಡಬಲ್ಲರು; ಮೊಬೈಲು ಬಲ್ಲ ಹುಡುಗನಿಂದಾಗದು. ಮತ್ತೊಂದು ಮಾತು. ಉಪ್ಪಿನಕಾಯಿ, ಹಪ್ಪಳಗಳ ಕೆಲಸವೆಲ್ಲ ಹೆಂಗಸರದು. ಲೆಕ್ಕದಲ್ಲಿ ಅವರ ಕೂಲಿಯನ್ನು ಸೊನ್ನೆಯೆಂದು ಬರೆದು, ಲಾಭ ಬಂದಿತೆಂದು ಹೇಳುವ ಜಮೀನುದಾರರೂ ಇದ್ದಾರೆ. ಆ ಕೂಲಿಯನ್ನು ಬರೆದ ಮೇಲೂ ಉಳಿದದ್ದು ಲಾಭ. ಬ್ಯಾಂಕಿನ ಖಾತೆಯಲ್ಲಿ ಅವರ ಹೆಸರೂ ಇರುವುದು ನ್ಯಾಯ.

ಮೇಲೆ ಹೇಳಿದ ಆಲೆಮನೆಯವರು ದೊಡ್ಡ ತಾಣವನ್ನು ಬಿಟ್ಟಿದ್ದಾರೆ. ಅವರು ಈಗ ಮೂರು ಕೇಜಿಗೆ ಕಡಮೆ ಕಳುಹಿಸುವುದಿಲ್ಲ. ಆಷಾಢದಿಂದ ಭಾದ್ರಪದದವರೆಗೆ ಅಚ್ಚುಬೆಲ್ಲದ ಬೇಡಿಕೆಯನ್ನು ತೆಗೆದುಕೊಳ್ಳುವುದೂ ಇಲ್ಲ. ಪುಸ್ತಕವನ್ನು ಬರೆಯುವವರು ಮನೆಯ ಯಜಮಾನಿಯವರು. ಮೊದಲಿನಷ್ಟು ಬೇಡಿಕೆ ಇಲ್ಲವೆಂದು ಮಗನಿಗೆ ಸ್ವಲ್ಪ ಬೇಸರವುಂಟು.

ಈ ವರ್ಷ ಅಂಗಡಿ ತೆರೆಯಬೇಕೆಂದಿರುವವರು ಗಾಣ ಹೂಡುವುದಕ್ಕೆ ಮುಂಚೆ ತಕ್ಕಡಿಗೆ ತೂಕ ಅಳತೆಯ ಇಲಾಖೆಯ ಮುದ್ರೆಯನ್ನು ಹಾಕಿಸಿಕೊಳ್ಳಲಿ. ಪೊಟ್ಟಣದ ಚೀಟಿಯನ್ನು ಅಚ್ಚು ಹಾಕಿಸುವುದಕ್ಕೆ ಮೊದಲು ಅದರ ಕರಡನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿದರೆ, ಬಿಟ್ಟುಹೋದುದನ್ನು ಸೂಚಿಸುವುದಕ್ಕೆ ನಾನು ಸಿದ್ಧನಾಗಿದ್ದೇನೆ. ಒಣಗಿಸುವ ಮತ್ತು ಕೆಡದಂತೆ ಇಡುವ ಕ್ರಮಗಳನ್ನು ಶಿವಮೊಗ್ಗೆಯ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ವಿಚಾರಿಸಬಹುದು. ಬರುವಾಗ ಲೆಕ್ಕದ ಪುಸ್ತಕವನ್ನೂ ತರಬೇಕಾಗಿ ಕೋರಿಕೆ.