ಮೋಟಾರು ವಿಮೆಯ ದರವೂ ಹಳ್ಳಿಯ ಕಾರೂ

ಅಜೆಕಾರಿನಂತಹ ಊರುಗಳಲ್ಲಿ ಮೋಟಾರು ಕಾರು ಈಗ ವಿಲಾಸದ ವಸ್ತುವೆನಿಸಿಲ್ಲ. ರೋಗಿಯನ್ನು ಕಾರ್ಕಳಕ್ಕೋ ಮಣಿಪಾಲಕ್ಕೋ ಒಯ್ಯುವುದಕ್ಕೆ, ಮದುವೆ ಮುಂಜಿಗಳಿಗೆ ಹೋಗಿಬರುವುದಕ್ಕೆ ಅದು ಬೇಕಾಗಿದೆ. ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಎಷ್ಟೋ ಮನೆಗಳಲ್ಲಿ ಕಾರು ವರ್ಷದ ಬಹುಪಾಲು ಕೊಟ್ಟಿಗೆಯಲ್ಲಿಯೇ ನಿಂತಿರುತ್ತದೆ. ಹೀಗಿದ್ದರೂ ಪರರಿಗಾಗುವ ಹಾನಿಯ ಬಾಬ್ತು ಅದರ ಒಡೆಯನು ತೆರಬೇಕಾದ ಕಡ್ಡಾಯದ ವಿಮಾಕಂತು, ಬೆಂಗಳೂರಿನ ಬೀದಿಗಳಲ್ಲಿ ದಿನವೂ ಓಡಾಡುವ ಅಷ್ಟೇ ಗಾತ್ರದ ಖಾಸಗಿ ಕಾರಿನದಕ್ಕಿಂತ ಒಂದು ಕಾಸೂ ಕಡಮೆಯಲ್ಲ. ಇದು ನ್ಯಾಯವೇ ಎಂದು ನಾವು ಕೇಳಬಯಸುತ್ತೇವೆ.

ಕಡ್ಡಾಯ ವಿಮೆಯ ತತ್ತ್ವವನ್ನು ನಾವು ವಿರೋಧಿಸುವವರಲ್ಲ. 1939 ರ ಮೋಟಾರು ವಾಹನ ಕಾನೂನಿನ ವಿಮಾ ಪ್ರಕರಣವು 1946 ರ ಜುಲೈ 1 ರಿಂದ ಜಾರಿಗೆ ಬಂದಿತು. 1988 ರ ಕಾನೂನೂ ಅದೇ ಕಟ್ಟಳೆಯನ್ನು ಮುಂದುವರಿಸಿತು. ದಾರಿಹೋಕನೊಬ್ಬನು ಕಾರಿಗೆ ಸಿಕ್ಕಿ ಸತ್ತರೆ, ಕಾರಿನವನಿಗೆ ಪರಿಹಾರ ಕೊಡುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಅವನ ಹೆಂಡತಿ ಮಕ್ಕಳು ಬೀದಿಪಾಲಾಗಬಾರದು. ಈ ಹಣವನ್ನು ದಂಡವೆಂದು ಭಾವಿಸಿ ವಿಮೆಯಿಲ್ಲದೆ ವಾಹನವೋಡಿಸುವವರ ಪರವಾಗಿ ನಾವು ಒಂದು ಮಾತನ್ನೂ ಆಡಲಾರೆವು. ನಮ್ಮ ತಕರಾರು ಭಾರವನ್ನು ಹಂಚುವ ಕ್ರಮದ ಮೇಲೆ.

2022 ರ ಜೂನ್ 1 ರಿಂದ ಕೇಂದ್ರ ಸರಕಾರದವರು ಜಾರಿಗೆ ತಂದ ದರಪಟ್ಟಿಯಲ್ಲಿ ಪೆಟ್ರೋಲು, ಡೀಸೆಲ್ ಕಾರುಗಳಿಗೆ ಇಂಜಿನಿನ ಗಾತ್ರವೇ ಅಳತೆಗೋಲು: 1000 ಸಿ.ಸಿ. ಮೀರದವಕ್ಕೆ 2094 ರೂಪಾಯಿ, 1500 ರವರೆಗೆ 3416, ಅದಕ್ಕೆ ಮೇಲ್ಪಟ್ಟು 7897, ತೆರಿಗೆ ಬೇರೆ. ಕಾರು ಓಡಿದ ದೂರವಾಗಲಿ, ಓಡಿಸುವವನ ನಡತೆಯಾಗಲಿ ಇಲ್ಲಿ ಎಣಿಕೆಗೆ ಬರುವುದಿಲ್ಲ.

ಸ್ವಂತ ಕಾರಿಗಾಗುವ ಹಾನಿಯ ವಿಮೆಯ ಮಾತು ಬೇರೆ. ಅಲ್ಲಿ ಕಾರಿನ ಬೆಲೆ, ವಯಸ್ಸು, ಊರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2002 ರ ದರಸೂಚಿಯಲ್ಲಿ ಬೆಂಗಳೂರು ಮೊದಲಾದ ಎಂಟು ಮಹಾನಗರಗಳು ಒಂದು ವಲಯ, ಮಿಕ್ಕ ದೇಶವೆಲ್ಲ ಇನ್ನೊಂದು. ಐದು ವರ್ಷ ಮೀರದ ಚಿಕ್ಕ ಕಾರಿಗೆ ಅಲ್ಲಿ ನೂರಕ್ಕೆ 3.127, ಇಲ್ಲಿ 3.039, ಐದು ಲಕ್ಷದ ಕಾರಿಗೆ 440 ರೂಪಾಯಿಗಳ ಅಂತರ. 2007 ರ ಜನವರಿಯಿಂದ ಈ ಭಾಗದ ದರವನ್ನು ಗೊತ್ತುಮಾಡುವ ಸ್ವಾತಂತ್ರ್ಯವು ಕಂಪೆನಿಗಳಿಗೇ ದೊರೆಯಿತು. ಪರಿಹಾರ ಕೇಳದವನಿಗೆ ಮೊದಲ ವರ್ಷ ನೂರಕ್ಕೆ 20, ಐದು ವರ್ಷ ಕಳೆದರೆ 50 ರ ರಿಯಾಯಿತಿಯುಂಟು. ಗೋಡೆಗೆ ತಾಗಿದ ಗೀರಿಗಾಗಿ ಎರಡು ಸಾವಿರ ರೂಪಾಯಿ ಕೇಳಿ ಇದನ್ನು ಕಳೆದುಕೊಳ್ಳುವವರು ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಒಳ್ಳೆಯದು. ಆಗುಂಬೆಯ ತಪ್ಪಲಿನ ನಮ್ಮ ಮಳೆಗಾಲದಲ್ಲಿ ನೀರು ನುಗ್ಗಿ ಇಂಜಿನು ಕೆಟ್ಟರೆ ಸಾಮಾನ್ಯ ಪಾಲಿಸಿಯು ನೆರವಿಗೆ ಬಾರದಿರುವುದುಂಟು. ಅದಕ್ಕೆ ಪ್ರತ್ಯೇಕ ಕಂತು ಬೇಕು. ಕಾರು ಮಾರುವವರು ಇದನ್ನು ಮೊದಲೇ ತಿಳಿಸುವುದು ಅಪರೂಪ.

2022 ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದವರು, ಸ್ವಂತ ಹಾನಿಯ ಭಾಗಕ್ಕೆ ಓಡಿದ ದೂರವನ್ನು ನೋಡಿ ಕಂತು ವಿಧಿಸಲು ಕಂಪೆನಿಗಳಿಗೆ ಅನುಮತಿಯಿತ್ತರು. ಕಡ್ಡಾಯದ ಭಾಗಕ್ಕೆ ಇದೇ ನ್ಯಾಯವೇಕೆ ಸಲ್ಲದು? ಮೀಟರನ್ನು ತಿದ್ದಿ ವಂಚಿಸುವರೆಂದು ಅಧಿಕಾರಿಗಳು ಹೇಳಬಹುದು. ಲಾಭಕ್ಕೆ ಕುಳಿತ ಕಂಪೆನಿಗಳೇ ನಂಬಬಲ್ಲ ಮೀಟರನ್ನು ಸರಕಾರ ನಂಬಲಾರದೆಂಬುದು ವಿಚಿತ್ರವಾದ ವಾದ. ಅದೇ 2022 ರ ಪಟ್ಟಿಯಲ್ಲಿ ವಿದ್ಯುತ್ ಕಾರಿಗೆ ನೂರಕ್ಕೆ 15, ಪುರಾತನ ಕಾರೆಂದು ನೋಂದಾಯಿತವಾದುದಕ್ಕೆ 50 ರ ರಿಯಾಯಿತಿಯಿದೆ. ಶ್ರೀಮಂತರ ಹಳೆಯ ಕಾರು ವಿರಳವಾಗಿ ಓಡುತ್ತದೆಂಬುದಲ್ಲದೆ ಈ ಔದಾರ್ಯಕ್ಕೆ ಬೇರೆ ಕಾರಣ ನಮಗೆ ತೋರದು. ಹಳ್ಳಿಯ ಹಾದಿಗಳು ನಿರಪಾಯವೆಂದು ನಾವು ಹೇಳುವುದಿಲ್ಲ; ಕೊಟ್ಟಿಗೆಯಲ್ಲಿ ನಿಂತ ಕಾರು ಮಾತ್ರ ಯಾರನ್ನೂ ಕೊಲ್ಲದು.

ಇಂತಹ ದರಗಳನ್ನು ಬದಲಿಸುವ ಮೊದಲು ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳುವ ಪದ್ಧತಿಯುಂಟು. ಮುಂದಿನ ಕರಡು ಹೊರಬಿದ್ದಾಗ ಕಾರ್ಕಳ, ಉಡುಪಿ, ಕಾಪು ಕಡೆಯ ವಾಹನದ ಒಡೆಯರು ಮೌನವಾಗಿರದೆ, ತಮ್ಮ ಕಾರು ವರ್ಷಕ್ಕೆ ಓಡುವ ಕಿಲೋಮೀಟರುಗಳನ್ನು ಕಾಣಿಸಿ ರಸ್ತೆ ಸಾರಿಗೆ ಮಂತ್ರಾಲಯಕ್ಕೆ ಬರೆಯಬೇಕೆಂದು ಕೋರುತ್ತೇವೆ.