ಕಟ್ಟಡ ನಮ್ಮ ಹೆಸರಿಗೆ, ಬೀಗದ ಕೈ ಯಾರ ಸೊಂಟಕ್ಕೆ?

ಹಾಸ್ಟೆಲ್ಲಿನ ಗೆಳೆಯರೆ, ಗೆಳತಿಯರೆ,

ನಮ್ಮ ಎಷ್ಟೋ ಕೇರಿಗಳ ಬಾಯಲ್ಲಿ ಒಂದು ಸಮುದಾಯ ಭವನ ನಿಂತಿದೆ. ನೆತ್ತಿಯ ಮೇಲೆ ಬಾಬಾಸಾಹೇಬರ ಹೆಸರು, ಇಲ್ಲವೆ ಬಾಬು ಜಗಜೀವನರಾಮರ ಹೆಸರು. ಬಾಗಿಲ ಪಕ್ಕ ಪುಢಾರಿಗಳ ಹೆಸರು ಕೆತ್ತಿದ ಕಲ್ಲು. ಕೆಲವು ಕಡೆ ವ್ಯಾಯಾಮ ಶಾಲೆ ಎಂಬ ಬೋರ್ಡೂ ಉಂಟು. ಗುತ್ತಿಗೆದಾರನ ಬಿಲ್ಲು ಪಾಸಾಗಿದೆ, ಉದ್ಘಾಟನೆಯ ಹಾರ ಒಣಗಿದೆ, ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ, ಹೊರಗೆ ಬೀಗ ಬಿದ್ದಿದೆ. "ನಿಮಗೇ ಅಂತ ಕಟ್ಟಿಸಿಕೊಟ್ಟಿದ್ದೀವಲ್ಲಪ್ಪ, ಇನ್ನೇನು ಬೇಕು?" ಅಂತಾರೆ. ಬೀಗದ ಕೈ ಬೇಕು ಸ್ವಾಮಿ!

"ಕೂಲಿ ಮಾಡೋರಿಗೆ ಯಾಕ್ರೋ ಗರಡಿಮನೆ? ಮೂಟೆ ಹೊರೋದೇ ಕಸರತ್ತಲ್ವಾ?" ಎಂದು ಹಲ್ಲು ಕಿರಿಯುವವರಿದ್ದಾರೆ. ಅವರಿಗೆ ನಾವು ಹೇಳುತ್ತೇವೆ: ಮೂಟೆ ಹೊರುವುದು ಮೈಯನ್ನು ಸವೆಸುವುದು, ಕಸರತ್ತು ಮೈಯನ್ನು ಕಟ್ಟುವುದು. ನಮ್ಮ ಅಪ್ಪ ಅವ್ವಂದಿರ ಬೆನ್ನು ಬಾಗಿದ್ದು ಇನ್ನೊಬ್ಬರ ಕಣಜ ತುಂಬಿಸಿ. ಇವತ್ತು ಪೊಲೀಸು ಕೆಲಸಕ್ಕೆ ಅರ್ಜಿ ಹಾಕಿದ ನಮ್ಮವರು ಲಿಖಿತ ಪರೀಕ್ಷೆಯ ಜೊತೆ ಓಟ, ಜಿಗಿತ, ಗುಂಡು ಎಸೆತದಲ್ಲೂ ಗೆಲ್ಲಬೇಕು. ದುಡ್ಡಿದ್ದವರ ಮಕ್ಕಳು ಫೀಜು ಕಟ್ಟಿ ಪೇಟೆಯ ಜಿಮ್ಮಿಗೆ ಹೋಗುತ್ತಾರೆ. ಕೇರಿಯ ಮಕ್ಕಳಿಗೆ ಟಾರು ರಸ್ತೆಯೇ ಮೈದಾನ.

ಪಳವಂಕರ್ ಬಾಳೂ ನೆನಪಿರಲಿ. ಚಮ್ಮಾರರ ಈ ಮಗ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೂಲಿ. ಹಿಂದೂ ತಂಡಕ್ಕೆ ಅವರ ಬೌಲಿಂಗು ಬೇಕಾಯಿತು, ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಬಾಳೂಗೆ ಮೈದಾನ ಸಿಕ್ಕಿದ್ದು ಕೂಲಿಯ ದೆಸೆಯಿಂದ. ಕೂಲಿಗೂ ಒಳಗೆ ಸೇರಿಸದೆ ಬೇಲಿಯಾಚೆ ಉಳಿದ ಬಾಳೂಗಳೆಷ್ಟೋ!

ಸಾರ್ವಜನಿಕ ಹಣ ಅಂದರೆ ಯಾರ ಹಣ? ಈ ಪ್ರಶ್ನೆ ಹಳೆಯದು. 1923ರಲ್ಲಿ ಬೋಲೆಯವರು ಮುಂಬಯಿ ಶಾಸನ ಸಭೆಯಲ್ಲಿ ಠರಾವು ತಂದರು: ಸರ್ಕಾರದ ಹಣದಿಂದ ನಡೆಯುವ ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು. ಠರಾವು ಕಾಗದದಲ್ಲೇ ಮಲಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಯ ನೀರು ಕುಡಿದು ಅದನ್ನು ಎಬ್ಬಿಸಿದರು. ಸಂವಿಧಾನದ 15(2)ನೇ ವಿಧಿಯೂ ಅದನ್ನೇ ಹೇಳುತ್ತದೆ: ಸರ್ಕಾರದ ಹಣ ಪೂರ್ತಿಯೋ ಅರ್ಧವೋ ಬಿದ್ದ ಬಾವಿ, ಕೆರೆ, ರಸ್ತೆ, ಸಾರ್ವಜನಿಕ ತಾಣಗಳಲ್ಲಿ ಜಾತಿಯ ಹೆಸರಲ್ಲಿ ಯಾರನ್ನೂ ತಡೆಯಕೂಡದು. ಅಂದಮೇಲೆ ಸರ್ಕಾರದ ರೊಕ್ಕ ಬಿದ್ದ ಗರಡಿಮನೆ ಯಾರಪ್ಪನ ಆಸ್ತಿಯೂ ಅಲ್ಲ. ಊರಿನದಕ್ಕೆ ನಾವು ಹೋಗುತ್ತೇವೆ. ಕೇರಿಯದಕ್ಕೆ ಊರಿನವರೂ ಬರಲಿ, ನಮ್ಮ ಜೊತೆ ಅದೇ ಕಬ್ಬಿಣ ಎತ್ತಲಿ.

ಇನ್ನು ಲೆಕ್ಕ. ಕರ್ನಾಟಕದ 2013ರ ಕಾಯಿದೆ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು, ಅಂದರೆ ಶೇ. 24.1ನ್ನು, ಅಭಿವೃದ್ಧಿ ಹಣದಲ್ಲಿ ತೆಗೆದಿಡಬೇಕೆಂದಿತು. ಆದರೆ ಅದರ 7(ಡಿ) ಎಂಬ ಕಂಡಿಯಿಂದ ಎಲ್ಲರ ರಸ್ತೆ, ಎಲ್ಲರ ಸೇತುವೆಯ ಖರ್ಚೂ ನಮ್ಮ ತಲೆಗೆ ಬೀಳುತ್ತಿತ್ತು. 2023ರಲ್ಲಿ ಆ ಕಂಡಿ ಮುಚ್ಚಿತು. ಅದೇ ವರ್ಷ ಈ ನಿಧಿಯ 11 ಸಾವಿರ ಕೋಟಿಗೂ ಹೆಚ್ಚು ರೂಪಾಯಿ ಗ್ಯಾರಂಟಿ ಯೋಜನೆಗಳಿಗೆ ಹೋಯಿತು! "ಪರಿಶಿಷ್ಟ ಫಲಾನುಭವಿಗಳಿಗೇ ಕೊಟ್ಟೆವು" ಅಂತಾರೆ. ಗ್ಯಾರಂಟಿ ನಮ್ಮ ತಾಯಂದಿರಿಗೂ ಬೇಕು. ಆದರೆ ಎಲ್ಲರಿಗೂ ಕೊಡುವುದನ್ನು ನಮಗೆ ಮಾತ್ರ ನಮ್ಮ ಗಂಟಿನಿಂದಲೇ ಕೊಡುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಮಾತು ಸ್ಪಷ್ಟ. ವಿದ್ಯಾರ್ಥಿವೇತನ ಕತ್ತರಿಸಿ ಗರಡಿಮನೆ ಕೊಡಬೇಡಿ. ಊರಿಗೆಲ್ಲ ತೆರೆದ ಗರಡಿಮನೆಯನ್ನು ಊರಿಗೆಲ್ಲ ಸೇರಿದ ಬೊಕ್ಕಸದಿಂದ ಕಟ್ಟಿ, ಕೇರಿಯ ನೆಲದಲ್ಲಿ ಕಟ್ಟಿ. ಗೋಡೆಗೆ ಮಾತ್ರ ಹಣ ಕೊಟ್ಟು ಕೈ ತೊಳೆಯಬೇಡಿ. ಕಲಿಸುವವರ ಸಂಬಳ, ದೀಪ, ನೀರು, ರಿಪೇರಿ, ಪ್ರತಿ ವರ್ಷದ ಲೆಕ್ಕದಲ್ಲಿ ಬರಲಿ. ಹೆಣ್ಣುಮಕ್ಕಳ ಹೊತ್ತು ಗೋಡೆಯ ಮೇಲೆ ಬರೆದಿರಲಿ.

ಗೆಳೆಯರೆ, ರಜೆಗೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ಯಾವ ಹಣ? ಎಷ್ಟು ಹಣ? ಕೀಲಿ ಯಾರ ಹತ್ತಿರ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೂ ಬಾರದಿದ್ದರೆ ಕೇರಿಯನ್ನೆಲ್ಲ ಕರೆದುಕೊಂಡು ಪಂಚಾಯ್ತಿ ಬಾಗಿಲಲ್ಲಿ ಕೂತುಕೊಳ್ಳಿ. ಬೀಗ ತಾನಾಗಿ ತೆರೆಯುವುದಿಲ್ಲ.

ಜೈಭೀಮ್!