ಕರೆ ಒಳಬರಲು ತೆರುವ ಬೆಲೆ

ಮುಂಬಯಿಯ ಚಾಳುಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮ ಹಿರಿಯ ತಲೆಮಾರಿಗೆ ದೂರವಾಣಿಯೆಂದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಕಪ್ಪು ಯಂತ್ರ. ಊರಿನಿಂದ ಟ್ರಂಕ್ ಕಾಲ್ ಬಂದರೆ ಹೋಟೆಲಿನ ಹುಡುಗ ಚಾಳಿಗೆ ಓಡಿಬಂದು ಹೆಸರು ಹಿಡಿದು ಕೂಗುತ್ತಿದ್ದ. ಕರೆ ಬಂದುದು ಒಬ್ಬರಿಗಾದರೂ ಇಡೀ ಮಾಳಿಗೆಯೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಏಕೆಂದರೆ ಅಂದಿನ ಕರೆ ಹೆಚ್ಚಾಗಿ ಸಾವಿನದೋ ಹೆರಿಗೆಯದೋ ಆಗಿರುತ್ತಿತ್ತು. ಇಂದು ಮನೆಯ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇದೆ. ಊರಿನ ಕರೆ ಮಾತ್ರ ಎಷ್ಟೋ ಮನೆಗಳಲ್ಲಿ ಹೊಸ್ತಿಲಾಚೆಗೇ ನಿಂತುಬಿಡುತ್ತಿದೆ.

ಕಳೆದ ಮಳೆಗಾಲದ ಒಂದು ರಾತ್ರಿ ಕುಂದಾಪುರದ ಕಡೆಯ ನಮ್ಮ ಮನೆಯಿಂದ ತಮ್ಮ ಹನ್ನೊಂದು ಬಾರಿ ಕರೆ ಮಾಡಿದ್ದ. ಅಮ್ಮ ಅಂಗಳದಲ್ಲಿ ಜಾರಿ ಬಿದ್ದಿದ್ದರು. ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನನ್ನು ಕೇಳಬೇಕಾಗಿತ್ತು. ಹತ್ತನೆಯ ಮಹಡಿಯ ನನ್ನ ಮನೆಯಲ್ಲಿ ಮೊಬೈಲು ದಿಂಬಿನ ಪಕ್ಕದಲ್ಲೇ ಇತ್ತು, ಒಮ್ಮೆಯೂ ಸದ್ದು ಮಾಡಲಿಲ್ಲ. ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ತಪ್ಪಿಹೋದ ಕರೆಗಳ ಸಂದೇಶಗಳು ಒಂದರ ಹಿಂದೊಂದು ಬಂದು ಬಿದ್ದವು. ಅಮ್ಮ ಚೇತರಿಸಿಕೊಂಡರು. ಆದರೆ "ನೀನು ಎತ್ತಲೇ ಇಲ್ಲವಲ್ಲ ಅಣ್ಣ" ಎಂಬ ತಮ್ಮನ ಮಾತು ನನ್ನನ್ನು ಬಿಟ್ಟು ಹೋಗಲಿಲ್ಲ. ಊರು ಬಿಟ್ಟು ಬಂದವನಿಗೆ ಇದಕ್ಕಿಂತ ದೊಡ್ಡ ಆರೋಪ ಬೇರೆ ಯಾವುದಿದೆ?

ಆ ವಾರವೇ ಪೇಟೆಯ ಅಂಗಡಿಯೊಂದರಲ್ಲಿ ನಾಲ್ಕು ಸಾವಿರ ರೂಪಾಯಿ ತೆತ್ತು ಜನ ಬೂಸ್ಟರ್ ಎಂದು ಕರೆಯುವ ಪೆಟ್ಟಿಗೆಯನ್ನು ತಂದೆ. ಕಿಟಕಿಯ ಹೊರಗೊಂದು ಆಂಟೆನಾ, ಕೋಣೆಯೊಳಗೊಂದು ಆಂಟೆನಾ, ನಡುವೆ ಪೆಟ್ಟಿಗೆ. ಸಂಜೆಯೊಳಗೆ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ನಿಂತವು. ಅಂಗಡಿಯಾತ ರಸೀದಿ ಕೊಡಲು ಏಕೆ ಹಿಂಜರಿದನೆಂದು ಆಗ ನಾನು ಯೋಚಿಸಲಿಲ್ಲ. ಕೆಲವೇ ದಿನಗಳಲ್ಲಿ ಎದುರು ಮನೆಯ ಮರಾಠಿ ಅಜ್ಜಿ, ಪುಣೆಯ ಮಗಳೊಡನೆ ಮಾತನಾಡುತ್ತಿದ್ದಂತೆಯೇ ಕರೆ ಕಡಿದುಹೋಗುತ್ತಿದೆ ಎಂದು ಅಲವತ್ತುಕೊಂಡರು. ದೂರಸಂಪರ್ಕದ ಕೆಲಸದಿಂದ ನಿವೃತ್ತರಾದ ನಮ್ಮ ಸಂಘದ ಸದಸ್ಯರೊಬ್ಬರು ಮನೆಗೆ ಬಂದಾಗ ಪೆಟ್ಟಿಗೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಚಾಳಿನಲ್ಲಿದ್ದಾಗ ನಲ್ಲಿಗೆ ಪಂಪು ಹಚ್ಚಿದವರನ್ನು ನಾವು ಏನೆಂದು ಬೈಯುತ್ತಿದ್ದೆವು?"

ಆ ಹೋಲಿಕೆಯನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಗರಪಾಲಿಕೆಯ ಕೊಳವೆಗೆ ಒಬ್ಬ ಪಂಪು ಹಚ್ಚಿದರೆ ಅವನ ಕೊಡ ತುಂಬುತ್ತದೆ, ಪಕ್ಕದವರ ನಲ್ಲಿ ಒಣಗುತ್ತದೆ. ಬೂಸ್ಟರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಅದು ನಮ್ಮ ಮಾತನ್ನಷ್ಟೇ ದೊಡ್ಡದು ಮಾಡುವುದಿಲ್ಲ, ಗದ್ದಲವನ್ನೂ ದೊಡ್ಡದು ಮಾಡಿ ಟವರಿನತ್ತ ಎಸೆಯುತ್ತದೆ. ಒಳಗಿನ ಮತ್ತು ಹೊರಗಿನ ಆಂಟೆನಾಗಳು ಹತ್ತಿರವಿದ್ದರಂತೂ, ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಮೈಕು ಹಿಡಿದಾಗ ಏಳುವ ಕೀರಲು ಶಬ್ದದಂತೆ ತನ್ನಷ್ಟಕ್ಕೆ ತಾನೇ ಕಿರುಚತೊಡಗುತ್ತದೆ. ಆ ಗದ್ದಲದಲ್ಲಿ ಸುತ್ತಲಿನ ದುರ್ಬಲ ಮೊಬೈಲುಗಳ ದನಿ ಟವರಿಗೆ ಕೇಳಿಸುವುದಿಲ್ಲ. ಕಾನೂನು ಇದನ್ನು ತಡೆದಿರುವುದು ಈ ಕಾರಣದಿಂದಲೇ. ಅನುಮತಿಯಿಲ್ಲದೆ ಇಂಥ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ 1933ರ ಕಾಯಿದೆಯ ಪ್ರಕಾರ ಅಪರಾಧವಾಗಿತ್ತು. 2023ರ ದೂರಸಂಪರ್ಕ ಕಾಯಿದೆಯೂ ಅದೇ ತತ್ತ್ವವನ್ನು ಮುಂದುವರಿಸಿದೆ. ದೂರಸಂಪರ್ಕ ಇಲಾಖೆ ಹಲವು ನಗರಗಳಲ್ಲಿ ಇಂಥ ಪೆಟ್ಟಿಗೆಗಳನ್ನು ವಶಪಡಿಸಿಕೊಂಡಿದೆ.

ಅಂದೇ ಸಂಜೆ ಪೆಟ್ಟಿಗೆಯನ್ನು ಕಳಚಿಟ್ಟೆ. ಅಜ್ಜಿಯ ಕರೆ ಕಡಿಯಲು ಅದೊಂದೇ ಕಾರಣವೋ ಅಲ್ಲವೋ ಹೇಳಲಾರೆ. ಕಾರಣವಾಗಬಲ್ಲ ವಸ್ತುವನ್ನು ನಾನು ಮನೆಯಲ್ಲಿಟ್ಟುಕೊಂಡಿದ್ದೆನೆಂಬುದು ಮಾತ್ರ ನಿಜ. ಅದನ್ನು ಅವರ ಮುಂದೆ ಒಪ್ಪಿಕೊಂಡೆ.

ಆದರೆ ತಪ್ಪೊಪ್ಪಿಗೆಯಿಂದ ಸಿಗ್ನಲ್ ಬರುವುದಿಲ್ಲ. ಚಾಳುಗಳು ಉರುಳಿ ಬಹುಮಹಡಿಯ ಕಟ್ಟಡಗಳು ಎದ್ದಿವೆ. ಕಬ್ಬಿಣ ಹೆಣೆದ ಕಾಂಕ್ರೀಟು, ಲೋಹದ ಲೇಪವುಳ್ಳ ಗಾಜು, ಇವೆರಡೂ ರೇಡಿಯೋ ತರಂಗಗಳಿಗೆ ಗೋಡೆಯೇ ಸರಿ. 900 ಮೆಗಾಹರ್ಟ್ಸಿನ ತರಂಗ ಗೋಡೆಯನ್ನು ಹಾಯ್ದು ಒಳಬರುವಷ್ಟು ಸುಲಭವಾಗಿ 2300 ಅಥವಾ 3500 ಮೆಗಾಹರ್ಟ್ಸಿನದು ಬರಲಾರದು. ಇನ್ನು ಟವರ್ ಬೇಡವೆನ್ನುವ ಹೌಸಿಂಗ್ ಸೊಸೈಟಿಗಳೂ ಉಂಟು. ಅವುಗಳ ಭಯವನ್ನು ನಾನು ಹೀಗಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ಈ ತರಂಗಗಳನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು' ಎಂಬ ವರ್ಗಕ್ಕೆ ಸೇರಿಸಿತು. ನಮ್ಮ ಸರಕಾರ 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನು ಮಿತಿಯಾಗಿ ವಿಧಿಸಿತು. ಆದರೆ ಇನ್ನೊಂದು ಸತ್ಯವೂ ಇದೆ: ಸಿಗ್ನಲ್ ದುರ್ಬಲವಾದಷ್ಟೂ ಕೈಯಲ್ಲಿರುವ ಮೊಬೈಲು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಟವರನ್ನು ದೂರ ಅಟ್ಟಿದವರು ಕಿವಿಗೆ ಅಂಟಿದ ಪ್ರಸಾರವನ್ನು ಹೆಚ್ಚಿಸಿಕೊಂಡಂತಾಯಿತು.

ಇಲ್ಲಿ ನನ್ನ ಪ್ರಶ್ನೆ, ಈ ಖರ್ಚು ಯಾರದು ಎಂಬುದು. 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲಕತ್ತೆಯಿಂದ ದೆಹಲಿಯಲ್ಲಿದ್ದ ಸುಖರಾಮ್ ಅವರೊಡನೆ ಮಾತನಾಡಿದಾಗ ದೇಶದಲ್ಲಿ ಮೊಬೈಲು ಯುಗ ಮೊದಲಾಯಿತು. ಅಂದು ಕರೆ ಸ್ವೀಕರಿಸಿದವರೂ ನಿಮಿಷಕ್ಕಿಷ್ಟೆಂದು ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಊರಿನ ತಾಯಂದಿರ ದನಿ ಹೊರನಾಡಿನ ಮಕ್ಕಳಿಗೆ ಸಮೀಪವಾದುದು ಅಂದಿನಿಂದಲೇ. ಈಗ ಆ ಸುಂಕ ಬೇರೆ ವೇಷದಲ್ಲಿ ಮರಳಿದೆ. ಬೂಸ್ಟರನ್ನು ಕಳಚಿದ ಮೇಲೆ ನಾನು ಬ್ರಾಡ್‌ಬ್ಯಾಂಡ್ ಹಾಕಿಸಿದೆ. 2019ರ ಕೊನೆಯಿಂದ ನಮ್ಮ ದೇಶದಲ್ಲಿ ದೊರೆತಿರುವ ವೈಫೈ ಕರೆಯ ಸೌಲಭ್ಯದಿಂದ ಮನೆಯೊಳಗೆ ಮಾತು ಕೇಳಿಸುತ್ತಿದೆ. ಇದು ನ್ಯಾಯಸಮ್ಮತವಾದ ದಾರಿ. ಯಾರ ಪಾಲನ್ನೂ ಕಸಿಯುವುದಿಲ್ಲ. ಆದರೆ ತಿಂಗಳು ತಿಂಗಳೂ ಐನೂರರ ಆಸುಪಾಸಿನ ಹಣ, ಸೌಲಭ್ಯವಿರುವ ಮೊಬೈಲು, ಕಡಿಯದ ವಿದ್ಯುತ್ತು, ಇಷ್ಟೂ ಬೇಕು. ನನಗೆ ಇದು ಸಾಧ್ಯ. ಆರು ಜನ ಒಂದೇ ಕೋಣೆಯಲ್ಲಿ ಮಲಗುವ ಹೋಟೆಲ್ ಕಾರ್ಮಿಕನಿಗೆ ಸಾಧ್ಯವೇ?

ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲೇ ಸಾರಿದೆ. ಆ ಸ್ವತ್ತನ್ನು ಬಳಸಿ ವ್ಯಾಪಾರ ಮಾಡುವ ಕಂಪೆನಿಗೆ, ಅದು ಒಳನುಗ್ಗದಂತೆ ಗೋಡೆ ಕಟ್ಟಿ ಮನೆ ಮಾರುವ ಬಿಲ್ಡರನಿಗೆ ಹೊಣೆಯಿಲ್ಲವೇ? ಒಬ್ಬೊಬ್ಬರೇ ದೂರಿದರೆ ಸಿಗುವುದು ದೂರಿನ ಸಂಖ್ಯೆ ಮಾತ್ರ. ಇಡೀ ಸೊಸೈಟಿ ಸಹಿ ಹಾಕಿ ಕೇಳಿದಾಗ ಕಟ್ಟಡದೊಳಗೇ ಸಣ್ಣ ಆಂಟೆನಾಗಳನ್ನು ಕಂಪೆನಿಯಿಂದಲೇ, ಕಾನೂನುಬದ್ಧವಾಗಿ ಹಾಕಿಸಿಕೊಳ್ಳುವ ಮಾತುಕತೆಗೆ ಬಲ ಬರುತ್ತದೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಶ್ರೇಯಾಂಕ ನೀಡುವ ನಿಯಮಾವಳಿಯನ್ನು ಟ್ರಾಯ್ 2024ರಲ್ಲಿ ಹೊರಡಿಸಿದೆ. ಪುನರ್ನಿರ್ಮಾಣದ ಕರಾರಿಗೆ ಸಹಿ ಹಾಕಲಿರುವ ನಮ್ಮ ಬಂಧುಗಳು ಚದರಡಿಗಾಗಿ ವಾದಿಸುವಷ್ಟೇ ಶ್ರದ್ಧೆಯಿಂದ ಈ ಸೌಕರ್ಯವನ್ನೂ ಬರವಣಿಗೆಯಲ್ಲಿ ಕೇಳಲಿ. ಯಾವುದೋ ಒಂದು ಕಂಪೆನಿಗಲ್ಲ, ಎಲ್ಲ ಕಂಪೆನಿಗಳಿಗೂ ಅವಕಾಶವಿರಲಿ.

ನಮ್ಮ ಸಂಘಗಳಿಗೂ ಇಲ್ಲಿ ಕೆಲಸವಿದೆ. ಹಿರಿಯ ಸದಸ್ಯರ ಎಷ್ಟೋ ಮೊಬೈಲುಗಳಲ್ಲಿ ವೈಫೈ ಕರೆಯ ಸೌಲಭ್ಯವಿದ್ದರೂ ಅದನ್ನು ಚಾಲನೆ ಮಾಡಿಕೊಟ್ಟವರಿಲ್ಲ. ರವಿವಾರದ ಒಂದು ಬೆಳಿಗ್ಗೆ ನಾಲ್ವರು ಯುವಕರು ಸಂಘದ ಕಚೇರಿಯಲ್ಲಿ ಕುಳಿತರೆ ಆಗುವ ಕೆಲಸವಿದು. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷೆಯ ಉಳಿವನ್ನು ಕುರಿತು ನಾವೆಲ್ಲ ಮಾತನಾಡುತ್ತೇವೆ. ಹೊರನಾಡಿನಲ್ಲಿ ಹುಟ್ಟಿದ ಮೊಮ್ಮಗನ ಕಿವಿಗೆ ಕನ್ನಡ ಬೀಳುವುದು ಹೆಚ್ಚಾಗಿ ಊರಿನ ಅಜ್ಜಿಯ ಕರೆಯಲ್ಲಿ ಎಂಬುದನ್ನು ಮರೆಯುತ್ತೇವೆ.

ಹನ್ನೊಂದು ಕರೆಗಳ ಆ ರಾತ್ರಿಯ ಬಳಿಕ ನಾನು ಮಾಡಿದ ಇನ್ನೊಂದು ಏರ್ಪಾಡನ್ನೂ ಹೇಳಿ ಮುಗಿಸುತ್ತೇನೆ. ಎದುರು ಮನೆಯ ಅಜ್ಜಿಯದು ಬೇರೆ ಕಂಪೆನಿಯ ಮೊಬೈಲು. ಈಗ ನನ್ನ ತಮ್ಮನ ಬಳಿ ಅವರ ಸಂಖ್ಯೆಯಿದೆ, ಪುಣೆಯ ಅವರ ಮಗಳ ಬಳಿ ನನ್ನದಿದೆ. ಯಾವ ಹೊತ್ತಿನಲ್ಲಾದರೂ ಬಾಗಿಲು ತಟ್ಟಬಹುದೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ. ಅದಕ್ಕೆ ಏನೂ ಖರ್ಚಾಗಲಿಲ್ಲ.